ಸಿವಿಲೈಸೇಶನ್ 6: ನಿಮ್ಮ ಹತ್ತಿರ ಇರುವ ಟೈಮಿಗೆ ತಕ್ಕ ಹಾಗೆ ಆಟದ ಉದ್ದ ಹೊಂದಿಸುವುದು ಹೇಗೆ?

ಸಿವಿಲೈಸೇಶನ್ 6 ಅಂದರೆ ಒಂದು ಊರಿನಿಂದ ಶುರು ಮಾಡಿ, ಹಳೆಯ ಕಾಲದಿಂದ ರಾಕೆಟ್ ಕಾಲದವರೆಗೆ ಒಂದು ನಾಡು ಕಟ್ಟುವ ಕಂಪ್ಯೂಟರ್ ಆಟ. ಅದನ್ನು ಶುರು ಮಾಡಿ ಅರ್ಧಕ್ಕೆ ಬಿಟ್ಟವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಆಟ ಬೇಜಾರಾಗಿ ಬಿಟ್ಟದ್ದಲ್ಲ. ಭಾನುವಾರ ತಿಂಡಿ ಮುಗಿಸಿ ಕೂತಿರುತ್ತೇವೆ, ಊಟಕ್ಕೆ ಕರೆಯುವ ಹೊತ್ತಿಗೆ ಇನ್ನೂ ಕುದುರೆ ಸವಾರರ ಕಾಲದಲ್ಲೇ ಇರುತ್ತೇವೆ. ಮುಂದಿನ ಭಾನುವಾರ ಸೇವ್ ಫೈಲ್ ತೆರೆದರೆ ಯಾವ ಊರಿನಲ್ಲಿ ಏನು ಕಟ್ಟಿಸುತ್ತಿದ್ದೆವು, ಯಾರ ಮೇಲೆ ದಂಡೆತ್ತಿ ಹೊರಟಿದ್ದೆವು, ಒಂದೂ ನೆನಪಿರುವುದಿಲ್ಲ. ಸರಿ, ಹೊಸ ಆಟ. ಅದೂ ಅರ್ಧಕ್ಕೇ ನಿಲ್ಲುತ್ತದೆ.

ಇದನ್ನು ತಪ್ಪಿಸುವ ದಾರಿ ಆಟದ ಒಳಗೇ ಇದೆ. ಶುರು ಮಾಡುವ ಮುಂಚೆ ಐದು ನಿಮಿಷ ಸೆಟಪ್ ಪರದೆಯ ಮೇಲೆ ಕೂತರೆ ಸಾಕು. ನಮ್ಮ ಮನೆಗಳಲ್ಲಿ ಅಜ್ಜಿಯರು ಚೌಕಾಬಾರಕ್ಕೆ ಕೂರುವಾಗ ಇದನ್ನೇ ಮಾಡುತ್ತಿದ್ದರು. ಸ್ವಲ್ಪ ಹೊತ್ತು ಮಾತ್ರ ಇದ್ದರೆ ಐದು ಮನೆಯ ಪಟ ಬರೆಯುವುದು, ಮಧ್ಯಾಹ್ನ ಪೂರ್ತಿ ಬಿಡುವಿದ್ದರೆ ಏಳು ಮನೆಯ ಪಟ. ಆಟ ಅದೇ, ಉದ್ದ ಬೇರೆ.

ಸಿವಿಲೈಸೇಶನ್ 6 ಬಂದದ್ದು 2016ರ ಅಕ್ಟೋಬರಿನಲ್ಲಿ, ಫಿರಾಕ್ಸಿಸ್ ಕಂಪನಿಯಿಂದ. ಈ ಸರಣಿಯ ಮೊದಲ ಆಟ 1991ರದ್ದು. ನಾನು ಈ ಬರಹಕ್ಕೆ ಆರನೆಯದನ್ನೇ ಆರಿಸಿಕೊಂಡಿದ್ದೇನೆ, ಯಾಕೆಂದರೆ ಕಂಪ್ಯೂಟರ್, ಫೋನ್, ಐಪ್ಯಾಡ್, ಸ್ವಿಚ್ ಎಲ್ಲದರಲ್ಲೂ ಸಿಗುತ್ತದೆ, ಮತ್ತು ಉದ್ದ ಹೊಂದಿಸಲು ಇದರಲ್ಲಿ ಇರುವಷ್ಟು ಅವಕಾಶ ತುಂಬಾ ಆಟಗಳಲ್ಲಿ ಇಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬಹಳ ಜನ ಸ್ಪೀಡ್ (ಆಟದ ವೇಗ) ಒಂದನ್ನು ಬದಲಿಸಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಸ್ಪೀಡ್ ಬದಲಾದರೆ ಪ್ರತಿಯೊಂದರ ಬೆಲೆ ಬದಲಾಗುತ್ತದೆ, ಆದರೆ ದಂಡಿನ ನಡಿಗೆ ಬದಲಾಗುವುದಿಲ್ಲ. ಕೆಳಗೆ ಬರುವ ಹೆಚ್ಚಿನ ಸಲಹೆಗಳು ಹುಟ್ಟಿದ್ದು ಈ ಒಂದು ಸಂಗತಿಯಿಂದಲೇ.

ಹೆಜ್ಜೆ 1: ನಿಮ್ಮ ಗಂಟೆಗಳನ್ನು ಲೆಕ್ಕ ಹಾಕಿ

ಸ್ಟ್ಯಾಂಡರ್ಡ್, ಅಂದರೆ ಸಾಮಾನ್ಯ ಸ್ಪೀಡಿನಲ್ಲಿ ಒಂದು ಆಟಕ್ಕೆ 500 ಟರ್ನ್ ಮಿತಿ. ಟರ್ನ್ ಅಂದರೆ ಎಲ್ಲರೂ ಒಂದೊಂದು ಸಲ ಆಡಿ ಮುಗಿಸುವ ಒಂದು ಸುತ್ತು. ಟರ್ನಿಗೆ ಒಂದೂವರೆ ನಿಮಿಷ ಅಂದುಕೊಂಡರೂ ಹನ್ನೆರಡೂವರೆ ಗಂಟೆ ಆಯಿತು. ವಾರಕ್ಕೆ ಮೂರು ಗಂಟೆ ಸಿಗುವವರಿಗೆ ಇದು ಒಂದು ತಿಂಗಳು. ಸ್ವಲ್ಪ ಪಳಗಿದವರು 500ರವರೆಗೆ ಹೋಗುವುದೇ ಇಲ್ಲ, 250-300ರ ಸುತ್ತ ಗೆದ್ದೋ ಸೋತೋ ಮುಗಿಸಿರುತ್ತಾರೆ. ಹಾಗಿದ್ದರೂ ಏಳೆಂಟು ಗಂಟೆ ಬೇಕೇ ಬೇಕು.

ಇಲ್ಲಿ ಒಂದು ತಪ್ಪು ಲೆಕ್ಕ ಆಗುತ್ತದೆ, ಹುಷಾರು. ಮೊದಲ ಹತ್ತು ಟರ್ನ್ ಮೂರೇ ನಿಮಿಷದಲ್ಲಿ ಆಗುತ್ತವೆ, ಏಕೆಂದರೆ ಇರುವುದು ಒಂದು ಊರು, ಒಬ್ಬ ವಾರಿಯರ್ (ಶುರುವಿನ ಕಾಲಾಳು). ಅದನ್ನು ನೋಡಿ ಇಡೀ ಆಟವನ್ನು ಅಳೆಯಬೇಡಿ. 200ನೇ ಟರ್ನಿಗೆ ಹತ್ತು ಊರು, ಇಪ್ಪತ್ತು ತುಕಡಿ, ಎಂಟು ವ್ಯಾಪಾರದ ದಾರಿ ಇರುತ್ತವೆ, ಒಂದು ಟರ್ನ್ ಎರಡು ಮೂರು ನಿಮಿಷ ತಿನ್ನುತ್ತದೆ. ನನ್ನ ಆಟಗಳಲ್ಲಿ ಮೊದಲ 100 ಟರ್ನಿಗೆ ಒಂದೂವರೆ ಗಂಟೆ ಹಿಡಿದರೆ, 200ರಿಂದ 300ರವರೆಗೆ ನಾಲ್ಕು ಗಂಟೆ ಆಗಿದೆ. ಹಾಗಾಗಿ ನಿಮ್ಮ ಹತ್ತಿರ ಹಳೆಯ ಸೇವ್ ಫೈಲ್ ಇದ್ದರೆ, ನಡು ಆಟದ ಒಂದನ್ನು ತೆರೆಯಿರಿ. ಫೋನಿನಲ್ಲಿ ಟೈಮರ್ ಹಾಕಿ ಹತ್ತು ಟರ್ನ್ ಆಡಿ. ಬಂದ ನಿಮಿಷವನ್ನು ಹತ್ತರಿಂದ ಭಾಗಿಸಿ. ಅದೇ ನಿಮ್ಮ ಅಳತೆ. ಬೇರೆಯವರ ಅಳತೆ ನಿಮಗೆ ಹೊಂದುವುದಿಲ್ಲ, ಕಾರಣ ಕೆಲವರು ಪ್ರತಿ ಊರನ್ನೂ ಪ್ರತಿ ಸಲ ತೆರೆದು ನೋಡುತ್ತಾರೆ, ಕೆಲವರು ನೋಡುವುದೇ ಇಲ್ಲ.

ಈಗ ಕಾಗದದ ಮೇಲೆ ಬರೆದುಕೊಳ್ಳಿ: ವಾರಕ್ಕೆ ಎಷ್ಟು ಗಂಟೆ ಸಿಗುತ್ತದೆ, ಒಂದು ಆಟ ಎಷ್ಟು ವಾರದಲ್ಲಿ ಮುಗಿಯಬೇಕು. ನನ್ನ ಅಭಿಪ್ರಾಯದಲ್ಲಿ ಮೂರು ವಾರಕ್ಕಿಂತ ಜಾಸ್ತಿ ಎಳೆದರೆ ಆಟದ ಎಳೆ ಕೈತಪ್ಪುತ್ತದೆ.

ಹೆಜ್ಜೆ 2: ಸ್ಪೀಡ್ ಆರಿಸಿ, ಅದು ಏನು ಮಾಡುತ್ತದೆ ಅಂತ ತಿಳಿದು ಆರಿಸಿ

ಐದು ಸ್ಪೀಡ್ ಇವೆ. ಆನ್‌ಲೈನ್ ಅಂದರೆ 250 ಟರ್ನ್, ಕ್ವಿಕ್ 330, ಸ್ಟ್ಯಾಂಡರ್ಡ್ 500, ಎಪಿಕ್ 750, ಮ್ಯಾರಥಾನ್ 1500. ಹೆಸರು ಆನ್‌ಲೈನ್ ಅಂತಿದ್ದರೂ ಒಬ್ಬರೇ ಆಡುವಾಗಲೂ ಅದನ್ನು ಆರಿಸಬಹುದು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಬೆಲೆಗಳ ಲೆಕ್ಕ ಸುಲಭ. ಸ್ಟ್ಯಾಂಡರ್ಡ್‌ನಲ್ಲಿ 100 ಇರುವುದು ಆನ್‌ಲೈನ್‌ನಲ್ಲಿ 50, ಕ್ವಿಕ್‌ನಲ್ಲಿ 67, ಎಪಿಕ್‌ನಲ್ಲಿ 150, ಮ್ಯಾರಥಾನ್‌ನಲ್ಲಿ 300. ಸೈನಿಕರು, ಕಟ್ಟಡಗಳು, ವಿದ್ಯೆಗಳು, ಸಿವಿಕ್‌ಗಳು (ಆಡಳಿತ, ಸಂಸ್ಕೃತಿಯ ಕಲಿಕೆಗಳು) ಎಲ್ಲ ಈ ಅಳತೆಯಲ್ಲೇ ಏರುತ್ತವೆ, ಇಳಿಯುತ್ತವೆ. ಬದಲಾಗದೆ ಉಳಿಯುವುದು ಏನು? ವಾರಿಯರ್ ಟರ್ನಿಗೆ ಎರಡು ಮನೆ ನಡೆಯುವುದು. (ಚೌಕಾಬಾರದ ಹಾಗೆ ಮ್ಯಾಪಿನ ಆರು ಮೂಲೆಯ ಕೋಣೆಗಳನ್ನು ಇಲ್ಲೂ ಮನೆ ಅಂತಲೇ ಕರೆಯುತ್ತೇನೆ.) ಹಾರ್ಸ್‌ಮನ್ (ಕುದುರೆ ಸವಾರ) ನಾಲ್ಕು ಮನೆ ಹೋಗುವುದು. ತುಕಡಿಯ ಜೀವ 100 ಅಂಕ ಇರುವುದು. ಗಾಯಗೊಂಡ ತುಕಡಿ ನಮ್ಮ ಊರೊಳಗೆ ಕೂತರೆ ಟರ್ನಿಗೆ 20, ಶತ್ರುವಿನ ನೆಲದಲ್ಲಿ ಕೂತರೆ 5 ಅಂಕ ಚೇತರಿಸಿಕೊಳ್ಳುವುದು. ಇವೆಲ್ಲ ಐದೂ ಸ್ಪೀಡಿನಲ್ಲಿ ಒಂದೇ.

ಸುಮ್ನೆ ಹೇಳಿದರೆ ಮನಸ್ಸಿಗೆ ಇಳಿಯುವುದಿಲ್ಲ, ಒಂದು ಉದಾಹರಣೆ ನಿಧಾನವಾಗಿ ನೋಡೋಣ. ನಿಮ್ಮ ಊರಿಂದ ಪಕ್ಕದ ರಾಜನ ಊರಿಗೆ 20 ಮನೆ ದೂರ, ದಾರಿಯೆಲ್ಲ ಬಯಲು, ಬೆಟ್ಟ ಕಾಡು ಏನೂ ಅಡ್ಡ ಇಲ್ಲ. ವಾರಿಯರ್ ಹೊರಟರೆ ಹತ್ತು ಟರ್ನಿಗೆ ತಲುಪುತ್ತಾನೆ. ಯಾವ ಸ್ಪೀಡ್ ಆದರೂ ಹತ್ತೇ ಟರ್ನ್. ಆ ರಾಜನ ಊರಿನಲ್ಲಿ ಟರ್ನಿಗೆ 5 ಪ್ರೊಡಕ್ಷನ್ (ಕಟ್ಟಲು, ದಂಡು ತಯಾರಿಸಲು ತೆರುವ ಅಂಕ), 5 ವಿಜ್ಞಾನ (ವಿದ್ಯೆ ಕಲಿಯಲು ತೆರುವ ಅಂಕ) ಬರುತ್ತಿದೆ ಅಂದುಕೊಳ್ಳಿ.

ಸ್ಟ್ಯಾಂಡರ್ಡ್‌ನಲ್ಲಿ ವಾರಿಯರ್ ಬೆಲೆ 40. ನಿಮ್ಮವನು ನಡೆದು ಬರುವ ಹತ್ತು ಟರ್ನಿನಲ್ಲಿ ಆ ರಾಜ ಒಬ್ಬ ವಾರಿಯರ್‌ನನ್ನು ತಯಾರು ಮಾಡಿರುತ್ತಾನೆ. ಬಿಲ್ಲುಗಾರರು ಬೇಕಾದರೆ ಮೊದಲು ಆನಿಮಲ್ ಹಸ್ಬೆಂಡ್ರಿ, ಆಮೇಲೆ ಆರ್ಚರಿ ಕಲಿಯಬೇಕು. 25 ಮತ್ತು 50, ಒಟ್ಟು 75 ವಿಜ್ಞಾನ. ಅವನಿಗೆ 15 ಟರ್ನ್ ಬೇಕು. ನೀವು ಅದಕ್ಕೂ ಮುಂಚೆ ಬಾಗಿಲಲ್ಲಿರುತ್ತೀರಿ.

ಅದೇ ಆನ್‌ಲೈನ್‌ನಲ್ಲಿ ವಾರಿಯರ್ ಬೆಲೆ 20. ಹತ್ತು ಟರ್ನಿನಲ್ಲಿ ಅವನ ಹತ್ತಿರ ಇಬ್ಬರು ತಯಾರು, ಮೂರನೆಯವನು ಅರ್ಧ ಆಗಿರುತ್ತಾನೆ. ಎರಡೂ ವಿದ್ಯೆ ಸೇರಿ 38ರ ಹತ್ತಿರ, ಅಂದರೆ ಎಂಟು ಟರ್ನಿಗೆ ಆರ್ಚರಿ ಕೈಗೆ ಬಂತು. ನೀವು ತಲುಪುವ ಹೊತ್ತಿಗೆ ಅವನು ಬಿಲ್ಲುಗಾರರನ್ನು ಕಟ್ಟಲು ಶುರು ಮಾಡಿರುತ್ತಾನೆ.

ಮ್ಯಾರಥಾನ್‌ಗೆ ಬನ್ನಿ. ಒಬ್ಬ ವಾರಿಯರ್‌ಗೆ 120, ಅವನಿಗೆ 24 ಟರ್ನ್ ಬೇಕು. ಆರ್ಚರಿವರೆಗೆ ಹೋಗಲು 45 ಟರ್ನ್. ನೀವು ಹತ್ತು ಟರ್ನಿಗೆ ಹೋಗಿ ನಿಂತರೆ ಅವನ ಹತ್ತಿರ ಮೊದಲಿದ್ದದ್ದು ಬಿಟ್ಟು ಬೇರೇನೂ ಇರುವುದಿಲ್ಲ.

ನೋಡಿದಿರಾ? ಮೂರೂ ಕಡೆ ನಡೆದ ದೂರ ಒಂದೇ. ಆದರೆ ನಿಧಾನದ ಸ್ಪೀಡಿನಲ್ಲಿ ಯುದ್ಧಕ್ಕೆ ಹೊರಟವನ ಕೈ ಮೇಲು, ವೇಗದ ಸ್ಪೀಡಿನಲ್ಲಿ ಮನೆಯಲ್ಲಿ ಕೂತು ಕಟ್ಟುವವನ ಕೈ ಮೇಲು. ನಿಮಗೆ ಯುದ್ಧ ಇಷ್ಟವಾ, ಕಟ್ಟುವುದು ಇಷ್ಟವಾ ಅನ್ನುವುದನ್ನೂ ನೋಡಿಯೇ ಸ್ಪೀಡ್ ಆರಿಸಿ, ಗಡಿಯಾರ ಮಾತ್ರ ನೋಡಿ ಆರಿಸಬೇಡಿ.

ಟೈಮ್ ಕಡಿಮೆ, ಆದರೂ ಯುದ್ಧ ಬೇಕು ಅನ್ನುವವರಿಗೆ ಏನು ದಾರಿ? ಅದಕ್ಕೇ ಮುಂದಿನ ಹೆಜ್ಜೆ.

ಹೆಜ್ಜೆ 3: ಮ್ಯಾಪ್ ಚಿಕ್ಕದು ಮಾಡಿ, ದೂರ ತಾನಾಗಿಯೇ ಕಡಿಮೆ ಆಗುತ್ತದೆ

ಮ್ಯಾಪಿಗೆ ಆರು ಅಳತೆ: ಡ್ಯೂಯಲ್, ಟೈನಿ, ಸ್ಮಾಲ್, ಸ್ಟ್ಯಾಂಡರ್ಡ್, ಲಾರ್ಜ್, ಹ್ಯೂಜ್. ತಾನಾಗಿ ಬರುವ ಆಟಗಾರರ ಸಂಖ್ಯೆ ಕ್ರಮವಾಗಿ 2, 4, 6, 8, 10, 12. ಡ್ಯೂಯಲ್ ಮ್ಯಾಪ್ 44 ಮನೆ ಅಗಲ, 26 ಮನೆ ಎತ್ತರ. ಹ್ಯೂಜ್ 106ಕ್ಕೆ 66. ಅಂದರೆ ಹ್ಯೂಜ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೇ ಹೋಗಬೇಕಾದರೆ ಆನ್‌ಲೈನ್ ಸ್ಪೀಡಿನ 250 ಟರ್ನಿನಲ್ಲಿ ಐವತ್ತಕ್ಕೂ ಹೆಚ್ಚು ದಾರಿಯಲ್ಲೇ ಕಳೆಯುತ್ತವೆ, ಹೊರಟಾಗ ಇದ್ದ ಕತ್ತಿಯವರು ತಲುಪುವಾಗ ಹಳೆಯ ಕಾಲದವರಾಗಿರುತ್ತಾರೆ.

ನಾನು ಜೋಡಿಸುವುದು ಹೀಗೆ. ಆನ್‌ಲೈನ್ ಸ್ಪೀಡಿಗೆ ಡ್ಯೂಯಲ್ ಅಥವಾ ಟೈನಿ. ಕ್ವಿಕ್‌ಗೆ ಟೈನಿ ಅಥವಾ ಸ್ಮಾಲ್. ಸ್ಟ್ಯಾಂಡರ್ಡ್ ಸ್ಪೀಡಿಗೆ ಸ್ಮಾಲ್ ಮ್ಯಾಪೇ ನನಗೆ ಹೆಚ್ಚು ಹಿಡಿಸುತ್ತದೆ, ಎಂಟು ಜನರ ಮ್ಯಾಪಿನಲ್ಲಿ ಕೊನೆಕೊನೆಗೆ ಕಾಯುವುದೇ ಜಾಸ್ತಿ. ಎಪಿಕ್, ಮ್ಯಾರಥಾನ್‌ಗೆ ಲಾರ್ಜ್, ಹ್ಯೂಜ್ ಹೊಂದುತ್ತವೆ. ಮ್ಯಾರಥಾನ್‌ನಲ್ಲಿ ಡ್ಯೂಯಲ್ ಮ್ಯಾಪ್ ಹಾಕಿದರೆ ಮೊದಲ ಐವತ್ತು ಟರ್ನಿನಲ್ಲೇ ಹಣೆಬರಹ ತೀರ್ಮಾನ ಆಗಿಬಿಡುತ್ತದೆ, ಮೇಲಿನ ವಾರಿಯರ್ ಲೆಕ್ಕ ನೋಡಿದರೆ ಕಾರಣ ಗೊತ್ತಾಗುತ್ತದೆ.

ಆಟಗಾರರ ಸಂಖ್ಯೆಯನ್ನು ಮ್ಯಾಪಿನ ಅಳತೆಗಿಂತ ಕಡಿಮೆ ಮಾಡಬಹುದು, ಅಡ್ವಾನ್ಸ್ಡ್ ಸೆಟಪ್‌ನಲ್ಲಿ ಪಟ್ಟಿಯಿಂದ ಒಬ್ಬೊಬ್ಬರನ್ನೇ ತೆಗೆಯಿರಿ. ಇದರಿಂದ ಎರಡು ಲಾಭ. ಕಂಪ್ಯೂಟರ್ ತನ್ನ ಕಡೆಯವರ ಟರ್ನ್ ಆಡಲು ತೆಗೆದುಕೊಳ್ಳುವ ಸಮಯ ಇಳಿಯುತ್ತದೆ, ಹಳೆಯ ಲ್ಯಾಪ್‌ಟಾಪ್ ಇರುವವರಿಗೆ ಇದು ದೊಡ್ಡ ವಿಷಯ. ಮತ್ತೆ, ಡಾಮಿನೇಶನ್ ಗೆಲುವಿಗೆ ಎಲ್ಲರ ಮೂಲ ರಾಜಧಾನಿಗಳೂ ನಿಮ್ಮ ಕೈಗೆ ಬರಬೇಕು, ಧರ್ಮದ ಗೆಲುವಿಗೆ ಪ್ರತಿಯೊಂದು ನಾಡಿನಲ್ಲೂ ಅರ್ಧಕ್ಕಿಂತ ಹೆಚ್ಚು ಊರುಗಳು ನಿಮ್ಮ ಧರ್ಮಕ್ಕೆ ಬರಬೇಕು. ಜನ ಕಡಿಮೆ ಆದಷ್ಟೂ ಈ ಎರಡು ದಾರಿ ಹತ್ತಿರ ಆಗುತ್ತವೆ. ಆದರೆ ತೀರಾ ಕಡಿಮೆ ಮಾಡಿ ಮ್ಯಾಪ್ ದೊಡ್ಡದು ಉಳಿಸಿದರೆ ಖಾಲಿ ನೆಲ ಜಾಸ್ತಿ ಆಗಿ, ನೀವು ಊರು ಕಟ್ಟುತ್ತಲೇ ಹೋಗುತ್ತೀರಿ, ಆಮೇಲೆ ಒಂದೊಂದು ಟರ್ನೂ ಉದ್ದ ಆಗುತ್ತದೆ. ಸಿಟಿ ಸ್ಟೇಟ್‌ಗಳಿಗೂ (ಒಂದೇ ಊರಿನ ಪುಟ್ಟ ಸ್ವತಂತ್ರ ನಾಡುಗಳು) ಬೇರೆ ಸ್ಲೈಡರ್ ಇದೆ, ಅದನ್ನು ಸ್ವಲ್ಪ ಇಳಿಸಿದರೂ ಟರ್ನ್ ಬೇಗ ತಿರುಗುತ್ತದೆ.

ಮ್ಯಾಪಿನ ಬಗೆಯೂ ಟೈಮ್ ತಿನ್ನುತ್ತದೆ. ಪಾಂಜಿಯಾದಲ್ಲಿ ಎಲ್ಲರೂ ಒಂದೇ ನೆಲದ ಮೇಲೆ ಇರುತ್ತಾರೆ, ಬೇಗ ಭೇಟಿ, ಬೇಗ ಜಗಳ. ದ್ವೀಪಗಳ ಮ್ಯಾಪ್ ಆರಿಸಿದರೆ ಶಿಪ್‌ಬಿಲ್ಡಿಂಗ್ ಕಲಿಯುವವರೆಗೆ ದಂಡು ನೀರಿಗೆ ಇಳಿಯುವುದೇ ಇಲ್ಲ. ಕಡಿಮೆ ಟೈಮ್ ಇರುವವರಿಗೆ ನಾನು ಕಣ್ಣು ಮುಚ್ಚಿಕೊಂಡು ಪಾಂಜಿಯಾ ಹೇಳುತ್ತೇನೆ.

ಹೆಜ್ಜೆ 4: ಆಟ ಎಲ್ಲಿ ನಿಲ್ಲಬೇಕು ಅಂತ ನೀವೇ ಗೆರೆ ಎಳೆಯಿರಿ

ಕ್ರಿಯೇಟ್ ಗೇಮ್ ಒಳಗೆ ಅಡ್ವಾನ್ಸ್ಡ್ ಸೆಟಪ್ ಒತ್ತಿ. ಅಲ್ಲಿ ಟರ್ನ್ ಮಿತಿಯ ಸಾಲು ಇದೆ. ಸ್ಪೀಡಿಗೆ ತಕ್ಕ ಮಿತಿ, ಮಿತಿಯೇ ಇಲ್ಲ, ನಮ್ಮದೇ ಮಿತಿ, ಹೀಗೆ ಮೂರು ಆಯ್ಕೆ. ನಮ್ಮದೇ ಮಿತಿ ಆರಿಸಿದರೆ ಸಂಖ್ಯೆ ತುಂಬುವ ಜಾಗ ಬರುತ್ತದೆ. ಬಿಡುವು ಕಡಿಮೆ ಇರುವವರಿಗೆ ಇಡೀ ಪರದೆಯಲ್ಲಿ ಇದಕ್ಕಿಂತ ಉಪಯೋಗದ ಜಾಗ ಇನ್ನೊಂದಿಲ್ಲ, ಆದರೂ ಇದನ್ನು ಮುಟ್ಟುವವರೇ ಕಡಿಮೆ.

ಮೊದಲ ಹೆಜ್ಜೆಯಲ್ಲಿ ಬರೆದುಕೊಂಡ ಅಳತೆ ಈಗ ತೆಗೆಯಿರಿ. ಆರು ಗಂಟೆ ಇದೆ, ಟರ್ನಿಗೆ ಎರಡು ನಿಮಿಷ ಅಂತಾದರೆ 180 ಟರ್ನ್. ಆನ್‌ಲೈನ್ ಸ್ಪೀಡ್, 180 ಟರ್ನ್ ಮಿತಿ. ಇದು ಸ್ಟ್ಯಾಂಡರ್ಡ್‌ನ 360 ಟರ್ನಿನಷ್ಟು ಬೆಳವಣಿಗೆಗೆ ಸಮ, ಅಂದರೆ ಆಟದ ಬಹುಪಾಲು ಕಾಲಗಳನ್ನು ನೋಡಿಯೇ ಮುಗಿಸುತ್ತೀರಿ.

ಗೆಲುವಿನ ಬಗೆಗಳಲ್ಲಿ ಸ್ಕೋರ್ ಎದುರಿನ ಗುರುತು ತೆಗೆಯಬೇಡಿ, ಮಿತಿ ಮುಟ್ಟಿದಾಗ ಯಾರ ಸ್ಕೋರ್ ಹೆಚ್ಚೋ ಅವರು ಗೆಲ್ಲುವುದು ಅದರಿಂದಲೇ. ಊರು, ಜನಸಂಖ್ಯೆ, ಕಲಿತ ವಿದ್ಯೆ, ಕಟ್ಟಿದ ವಂಡರ್‌ಗಳು (ಪಿರಮಿಡ್‌ನಂಥ ಅದ್ಭುತ ಕಟ್ಟಡಗಳು), ಗಳಿಸಿದ ಮಹಾವ್ಯಕ್ತಿಗಳು, ಎಲ್ಲಕ್ಕೂ ಅಂಕ ಸೇರುತ್ತದೆ. ಮಿತಿ ಚಿಕ್ಕದು ಇಟ್ಟಾಗ ನಿಮ್ಮ ಯೋಚನೆಯೂ ಬದಲಾಗಬೇಕು. ದೂರದ ರಾಕೆಟ್ ಕನಸು ಬಿಟ್ಟು, ಕೊನೆಯ ಮೂವತ್ತು ಟರ್ನಿನಲ್ಲಿ ಯಾವ ಕೆಲಸ ಮುಗಿಯುತ್ತದೋ ಅದನ್ನು ಮಾತ್ರ ಕೈಗೆತ್ತಿಕೊಳ್ಳಿ. 170ನೇ ಟರ್ನಿನಲ್ಲಿ 25 ಟರ್ನಿನ ವಂಡರ್ ಶುರು ಮಾಡಿದರೆ ಆ ಪ್ರೊಡಕ್ಷನ್ ಎಲ್ಲ ನೀರುಪಾಲು.

ಬೇಡವಾದ ಗೆಲುವಿನ ಬಗೆಗಳನ್ನು ತೆಗೆದುಹಾಕುವುದೂ ಒಳ್ಳೆಯದೇ. ಧರ್ಮದ ಗೆಲುವನ್ನು ತೆಗೆದರೆ, ಎದುರಿನವರ ಪ್ರಚಾರಕರು ಗೆದ್ದುಬಿಟ್ಟಾರು ಅಂತ ಪ್ರತಿ ಟರ್ನೂ ಅವರ ಹಿಂದೆ ಓಡುವ ಕೆಲಸ ಇರುವುದಿಲ್ಲ.

ಶುರುವಿನ ಕಾಲವನ್ನೂ ಬದಲಿಸಬಹುದು. ಹಡಗು, ಫಿರಂಗಿ, ವಿಮಾನಗಳ ಕಾಲ ಇಷ್ಟ, ಆದರೆ ಅಲ್ಲಿಯವರೆಗೆ ಹೋಗುವಷ್ಟು ಟೈಮ್ ಸಿಗುತ್ತಿಲ್ಲ ಅನ್ನುವವರು ನೇರವಾಗಿ ಆ ಕಾಲದಿಂದಲೇ ಶುರು ಮಾಡಿ. ಹಿಂದಿನ ವಿದ್ಯೆಗಳು ಕೈಯಲ್ಲಿ ಇದ್ದೇ ಇರುತ್ತವೆ. ನಾನು ವರ್ಷಗಟ್ಟಲೆ ಹಳೆಯ ಕಾಲದಿಂದಲೇ ಶುರು ಮಾಡಿ, ಕೊನೆಯ ಕಾಲಗಳನ್ನು ಸರಿಯಾಗಿ ನೋಡಿದ್ದು ಹೀಗೆ ಆಡಿದ ಮೇಲೆಯೇ.

ಹೆಜ್ಜೆ 5: ಟರ್ನ್ ಅಷ್ಟೇ ಇರಲಿ, ನಿಮಿಷ ಉಳಿಸಿ

ಆಪ್ಷನ್ಸ್ ಒಳಗೆ ಕ್ವಿಕ್ ಮೂವ್‌ಮೆಂಟ್, ಕ್ವಿಕ್ ಕಾಂಬ್ಯಾಟ್ ಎರಡನ್ನೂ ಆನ್ ಮಾಡಿ. ಸೈನಿಕರು ನಡೆಯುವುದು, ಕತ್ತಿ ಬೀಸುವುದು ತೋರಿಸುವ ಚಿತ್ರಗಳು ಕಡಿಮೆ ಆಗುತ್ತವೆ. ಮೊದಲ ಆಟದಲ್ಲಿ ಅವು ಚೆಂದ, ನೋಡಿ. ಹತ್ತನೇ ಆಟದಲ್ಲಿ ಬೇಕಾಗಿಲ್ಲ.

ಊರುಗಳಿಗೆ ಪ್ರೊಡಕ್ಷನ್ ಕ್ಯೂ ಕಟ್ಟಿ. ಒಂದೊಂದು ಊರಿಗೆ ನಾಲ್ಕೈದು ಕೆಲಸ ಒಮ್ಮೆಗೇ ಹಚ್ಚಿಬಿಟ್ಟರೆ ಪ್ರತಿ ಟರ್ನ್ ಏನು ಕಟ್ಟಲಿ ಅಂತ ಕೇಳುವ ಪರದೆ ಬರುವುದಿಲ್ಲ. ವಿದ್ಯೆಯ ಮರದಲ್ಲೂ ಅಷ್ಟೇ, ದೂರದ ಒಂದು ವಿದ್ಯೆಯನ್ನು ಒತ್ತಿದರೆ ನಡುವಿನದ್ದೆಲ್ಲ ಸಾಲಾಗಿ ತಾನೇ ಸೇರಿಕೊಳ್ಳುತ್ತದೆ. ದೂರ ಹೋಗುವ ತುಕಡಿಗೆ ಕೊನೆಯ ಜಾಗವನ್ನೇ ತೋರಿಸಿ, ಟರ್ನ್ ಟರ್ನಿಗೂ ಎರಡೆರಡು ಮನೆ ತಳ್ಳಬೇಡಿ. ಗಡಿ ಕಾಯುವವರಿಗೆ ಅಲರ್ಟ್ ಕೊಟ್ಟು ಮಲಗಿಸಿ, ಶತ್ರು ಹತ್ತಿರ ಬಂದರೆ ಅವರೇ ಎದ್ದು ಹೇಳುತ್ತಾರೆ. ಯಾವ ಜಾಗದಲ್ಲಿ ಯಾವ ಡಿಸ್ಟ್ರಿಕ್ಟ್ (ಊರಿನ ಒಂದೊಂದು ಕಸುಬಿನ ಬಡಾವಣೆ) ಬರಬೇಕು ಅಂತ ಮ್ಯಾಪ್ ಮೇಲೆ ಪಿನ್ ಚುಚ್ಚಿ ಇಡಿ. ಒಂದು ಸಲ ಯೋಚಿಸಿದ್ದನ್ನು ಮತ್ತೆ ಮತ್ತೆ ಯೋಚಿಸುವುದರಲ್ಲೇ ನಮ್ಮ ಅರ್ಧ ಟೈಮ್ ಹೋಗುವುದು, ಅಲ್ವಾ?

ಹೆಜ್ಜೆ 6: ಗೆಳೆಯರ ಜೊತೆ ಆಡುವುದಾದರೆ

ಎಲ್ಲರೂ ಒಂದೇ ಹೊತ್ತಿಗೆ ಕೂರುವುದಾದರೆ ಆನ್‌ಲೈನ್ ಸ್ಪೀಡ್ ಬಿಟ್ಟು ಬೇರೆ ಯೋಚನೆ ಬೇಡ. ಟರ್ನ್ ಟೈಮರ್ ಹಾಕಿ. ಎಲ್ಲರೂ ಒಟ್ಟಿಗೆ ಟರ್ನ್ ಆಡುವ ಹಾಗೆ ಇಟ್ಟರೆ ಒಬ್ಬರು ಮುಗಿಸುವವರೆಗೆ ಉಳಿದವರು ಗೋಡೆ ನೋಡಿಕೊಂಡು ಕೂರುವುದು ತಪ್ಪುತ್ತದೆ. ರಾತ್ರಿ ಎಷ್ಟು ಗಂಟೆಗೆ ನಿಲ್ಲಿಸುವುದು, ಆ ಹೊತ್ತಿಗೆ ಯಾರ ಸ್ಕೋರ್ ಹೆಚ್ಚೋ ಅವರೇ ಗೆದ್ದಂತೆ ಅನ್ನುವುದನ್ನು ಶುರುವಿನಲ್ಲೇ ಮಾತಾಡಿಕೊಳ್ಳಿ. ಮಾತಾಡದೆ ಶುರು ಮಾಡಿ ಕೊನೆಗೆ ಮುನಿಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದೂರದಲ್ಲಿರುವವರ ಜೊತೆ ಆಡಲು ಪ್ಲೇ ಬೈ ಕ್ಲೌಡ್ ಇದೆ. ಒಬ್ಬರು ತಮ್ಮ ಟರ್ನ್ ಆಡಿ ಬಿಟ್ಟರೆ ಮುಂದಿನವರು ತಮಗೆ ಬಿಡುವಾದಾಗ ಆಡುತ್ತಾರೆ. ನನ್ನ ದೊಡ್ಡಮ್ಮನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಬೆಂಗಳೂರಿಗೂ ಅವನಿಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಹದಿಮೂರೂವರೆ. ಒಟ್ಟಿಗೆ ಕೂರುವ ಮಾತೇ ಇಲ್ಲ. ನಾನು ಬೆಳಿಗ್ಗೆ ಕಾಫಿ ಕುಡಿಯುತ್ತಾ ಒಂದು ಟರ್ನ್, ಅವನು ಅವನ ಬೆಳಗಿನಲ್ಲಿ ಒಂದು. ಚೆನ್ನಾಗಿಯೇ ನಡೆಯಿತು. ಆದರೆ ಲೆಕ್ಕ ನೋಡಿ: ದಿನಕ್ಕೆ ಒಂದು ಟರ್ನ್ ಅಂದರೆ ಆನ್‌ಲೈನ್ ಸ್ಪೀಡಿನ 250 ಟರ್ನಿಗೆ 250 ದಿನ, ಎಂಟು ತಿಂಗಳ ಮೇಲೆ. ಹಾಗಾಗಿ ನಾವು ಡ್ಯೂಯಲ್ ಮ್ಯಾಪ್, 90 ಟರ್ನ್ ಮಿತಿ ಇಟ್ಟುಕೊಂಡೆವು. ಮೂರು ತಿಂಗಳಿಗೆ ಮುಗಿಯಿತು, ಅವನು ಗೆದ್ದ, ಮಾರನೇ ದಿನವೇ ಮತ್ತೊಂದು ಶುರು. ಕ್ಲೌಡ್ ಆಟಕ್ಕೆ 100 ಟರ್ನ್ ದಾಟಿಸಬೇಡಿ ಅನ್ನುವುದು ನನ್ನ ಖಚಿತ ಸಲಹೆ.

ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗ ಒಂದೇ ಕಂಪ್ಯೂಟರಿನಲ್ಲಿ ಹಾಟ್‌ಸೀಟ್, ಅಂದರೆ ಒಬ್ಬರಾದ ಮೇಲೆ ಒಬ್ಬರು ಕೂತು ಆಡಬಹುದು. ಮೂರು ಜನಕ್ಕಿಂತ ಜಾಸ್ತಿ ಬೇಡ, ಕಾಯುವವರಿಗೆ ಕಷ್ಟ.

ಹೆಜ್ಜೆ 7: ಆರಿಸಿದ ಸ್ಪೀಡಿಗೆ ತಕ್ಕ ಹಾಗೆ ಆಡಿ

ಆನ್‌ಲೈನ್, ಕ್ವಿಕ್ ಆಡುವವರಿಗೆ: ಶುರುವಿನ ಯುದ್ಧಕ್ಕೆ ಎಂಟು ಹತ್ತು ಮನೆಗಿಂತ ದೂರದ ಊರನ್ನು ಆರಿಸಬೇಡಿ. ಕಾಲಾಳು ಬದಲು ಹಾರ್ಸ್‌ಮನ್ ಕಟ್ಟಿ, ನಾಲ್ಕು ಮನೆಯ ಓಟ ಇಲ್ಲಿ ಚಿನ್ನ. ದಾರಿಯಲ್ಲಿರುವ ತುಕಡಿಗಳನ್ನು ಮೇಲ್ದರ್ಜೆಗೆ ಏರಿಸಲು ಒಂದಿಷ್ಟು ಗೋಲ್ಡ್ ಸದಾ ಉಳಿಸಿಕೊಳ್ಳಿ. ಸಿವಿಕ್‌ಗಳು ಬೇಗ ಬೇಗ ಮುಗಿಯುವುದರಿಂದ ಪಾಲಿಸಿ ಕಾರ್ಡ್‌ಗಳನ್ನು (ನಾಡಿಗೆ ಬೇರೆ ಬೇರೆ ಲಾಭ ಕೊಡುವ ನೀತಿಗಳು) ಪುಕ್ಕಟೆ ಬದಲಿಸುವ ಅವಕಾಶವೂ ಪದೇ ಪದೇ ಬರುತ್ತದೆ, ಅದನ್ನು ಬಿಡಬೇಡಿ.

ಇಲ್ಲಿ ಚಂದ್ರಗುಪ್ತನ ಬಗ್ಗೆ ಹೇಳಲೇಬೇಕು. 2018ರ ರೈಸ್ ಆ್ಯಂಡ್ ಫಾಲ್ ವಿಸ್ತರಣೆಯಲ್ಲಿ ಅವನು ಭಾರತದ ಇನ್ನೊಬ್ಬ ನಾಯಕನಾಗಿ ಬಂದ. ನಮಗೆ ಅವನು ಶ್ರವಣಬೆಳಗೊಳದ ಚಂದ್ರಗಿರಿ ಬೆಟ್ಟದ ಕತೆಯಿಂದ ಗೊತ್ತು, ರಾಜ್ಯ ಬಿಟ್ಟು ಭದ್ರಬಾಹುವಿನ ಜೊತೆ ಬಂದವನು. ಆಟದಲ್ಲಿ ಮಾತ್ರ ರಾಜ್ಯ ಹಿಗ್ಗಿಸುವವನು. ಮಿಲಿಟರಿ ಟ್ರೇನಿಂಗ್ ಸಿವಿಕ್ ಆದ ಮೇಲೆ ನೆಲ ಹಿಗ್ಗಿಸುವ ಯುದ್ಧ ಸಾರಿದರೆ ಅವನ ದಂಡಿಗೆ ಮೊದಲ ಹತ್ತು ಟರ್ನ್ ಎರಡು ಮನೆ ಹೆಚ್ಚಿನ ನಡಿಗೆ, 5 ಅಂಕ ಹೆಚ್ಚಿನ ಬಲ. ಎರಡು ಮನೆ ನಡೆಯುವವನು ನಾಲ್ಕು ಮನೆ ನಡೆಯುತ್ತಾನೆ ಅಂದರೆ, ಎಲ್ಲವೂ ವೇಗವಾಗಿ ಓಡುವ ಆಟದಲ್ಲಿ ನಡಿಗೆ ಮಾತ್ರ ಹಿಂದೆ ಬೀಳುವ ತೊಂದರೆ ಅವನಿಗೆ ಅಷ್ಟು ಕಾಡುವುದಿಲ್ಲ. ವೇಗದ ಸ್ಪೀಡಿನಲ್ಲಿ ಯುದ್ಧ ಬೇಕೆಂದವರು ಅವನನ್ನು, ಅವನ ವರು ಆನೆಗಳನ್ನು ಒಮ್ಮೆ ಆಡಿ ನೋಡಿ.

ಮ್ಯಾರಥಾನ್ ಆಡುವವರಿಗೆ: ಇರುವ ಒಬ್ಬೊಬ್ಬ ಸೈನಿಕನನ್ನೂ ಕಣ್ಣಿನ ಹಾಗೆ ಕಾಪಾಡಿ. ಮೊದಲ ವಾರಿಯರ್ ಸತ್ತರೆ ಇನ್ನೊಬ್ಬನಿಗೆ 120 ಪ್ರೊಡಕ್ಷನ್ ತೆರಬೇಕು, ಸೆಟ್ಲರ್ (ಹೊಸ ಊರು ಕಟ್ಟಲು ಹೋಗುವವರು) ಶತ್ರುವಿನ ಕೈಗೆ ಸಿಕ್ಕರೆ ಕಡಿಮೆ ಅಂದರೂ 240. ಹೊಸಬ ಬರುವವರೆಗೆ ಆಗುವ ತಡವನ್ನು ತುಂಬಿಕೊಳ್ಳುವುದು ಬಹಳ ಕಷ್ಟ. ಗಾಯ ಆದರೆ ಹಿಂದೆ ತಂದು ಮಲಗಿಸಿ. ಊರೊಳಗೆ ಐದು ಟರ್ನಿನಲ್ಲಿ ಪೂರ್ತಿ ಚೇತರಿಸಿಕೊಳ್ಳುತ್ತಾನೆ, 1500 ಟರ್ನಿನ ಆಟದಲ್ಲಿ ಐದು ಟರ್ನ್ ಏನೂ ಅಲ್ಲ. ಒಂದು ಕಾಲದ ದಂಡನ್ನು ಇಟ್ಟುಕೊಂಡು ನಿಧಾನವಾಗಿ ಪೂರ್ತಿ ಯುದ್ಧ ಮಾಡುವ ಸುಖ ಇಲ್ಲಿ ಮಾತ್ರ ಸಿಗುತ್ತದೆ, ಅದಕ್ಕೇ ಬೇಸಿಗೆ ರಜೆಯಂಥ ಉದ್ದನೆಯ ಬಿಡುವು ಇದ್ದಾಗ ನಾನು ಇದನ್ನೇ ಆಡುವುದು.

ಬೇರೆ ಆಟಗಳಲ್ಲಿ

ಹ್ಯೂಮನ್‌ಕೈಂಡ್‌ನಲ್ಲಿ (2021) ಬ್ಲಿಟ್ಜ್ ಅಂದರೆ 75 ಟರ್ನ್, ಫಾಸ್ಟ್ 150, ನಾರ್ಮಲ್ 300, ಸ್ಲೋ 450, ಎಂಡ್‌ಲೆಸ್ 600. ಫೋನಿನಲ್ಲಿ ಆಡುವ ಪಾಲಿಟೋಪಿಯಾದ ಪರ್ಫೆಕ್ಷನ್ ಬಗೆಯಲ್ಲಿ 30 ಟರ್ನಿಗೆ ಆಟ ಮುಗಿದೇ ಹೋಗುತ್ತದೆ, ಮೆಟ್ರೋದಲ್ಲಿ ಮನೆಗೆ ಬರುವಷ್ಟರಲ್ಲಿ ಒಂದು ಆಟ. 2025ರ ಸಿವಿಲೈಸೇಶನ್ 7 ಇಡೀ ಆಟವನ್ನೇ ಮೂರು ಯುಗಗಳಾಗಿ ಕತ್ತರಿಸಿದೆ, ಯುಗದ ಉದ್ದವನ್ನು ಬೇರೆಯಾಗಿಯೇ ಹೊಂದಿಸಬಹುದು. ಹಣ ಕೊಡದೆ ಆಡಬೇಕು ಅಂದರೆ ಆಂಡ್ರಾಯ್ಡ್‌ನಲ್ಲಿ ಯೂನಿಸಿವ್ ಇದೆ, ಅದರಲ್ಲೂ ಸ್ಪೀಡ್ ಬದಲಿಸಬಹುದು. ಎಲ್ಲಾ ಕಡೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಸ್ಪೀಡ್ ಬದಲಿಸಿದಾಗ ನಡಿಗೆಯೂ ಬದಲಾಗುತ್ತದಾ, ಇಲ್ಲವಾ?

ನಡುವಿನಲ್ಲಿ ಉದ್ದ ಆಯಿತು ಅನ್ನಿಸಿದರೆ

ಆಟ ಶುರುವಾದ ಮೇಲೆ ಸ್ಪೀಡ್ ಬದಲಿಸಲು ಆಗುವುದಿಲ್ಲ. ಹಾಗಾಗಿ ಮೊದಲ 60 ಟರ್ನನ್ನು ಪರೀಕ್ಷೆ ಅಂದುಕೊಳ್ಳಿ. ಅಲ್ಲಿಗೆ ನಿಲ್ಲಿಸಿ ಗಡಿಯಾರ ನೋಡಿ. ನಿಮ್ಮ ಲೆಕ್ಕಕ್ಕಿಂತ ಒಂದೂವರೆ ಪಟ್ಟು ಆಗಿದ್ದರೆ ಆಗಲೇ ಬಿಟ್ಟು, ಒಂದು ಮೆಟ್ಟಿಲು ವೇಗದ ಸ್ಪೀಡ್ ಅಥವಾ ಒಂದು ಅಳತೆ ಚಿಕ್ಕ ಮ್ಯಾಪಿನಲ್ಲಿ ಮತ್ತೆ ಶುರು ಮಾಡಿ. 60ರಲ್ಲಿ ಬಿಡುವುದು ಸುಲಭ, 260ರಲ್ಲಿ ಹೊಟ್ಟೆ ಉರಿಯುತ್ತದೆ.

ಮುಂದುವರಿಸುವುದಾದರೆ, ಪ್ರತಿ ಸಲ ಎದ್ದು ಹೋಗುವ ಮುಂಚೆ ಸೇವ್ ಫೈಲಿಗೆ ಅರ್ಥ ಇರುವ ಹೆಸರು ಕೊಡಿ, ಬರೀ ತಾರೀಖು ಬೇಡ. ನನ್ನ ಈಗಿನ ಆಟದ ಫೈಲಿನ ಹೆಸರು ‘142 ಪಡುವಣ ಊರಿಗೆ ಗೋಡೆ ಆಮೇಲೆ ಯುದ್ಧ’. ಮುಂದಿನ ಶನಿವಾರ ತೆರೆದಾಗ ಏನು ಮಾಡಬೇಕು ಅಂತ ಹುಡುಕುವ ಕೆಲಸವೇ ಇರುವುದಿಲ್ಲ, ಮೊದಲು ಗೋಡೆ ಕಟ್ಟಿಸುತ್ತೇನೆ.